ಚಪ್ಪಲಿ ಬಿಚ್ಚುವ ತನಕ

ಕಾಳಿ ಇಳಿದು ಹದಿನೇಳು ದಿನ.
ಗೋಡೆಯ ಮೇಲೆ ಇನ್ನೂ ಇಳಿದಿಲ್ಲ:
ಕ್ಯಾಲೆಂಡರಿನ ಮೊಳೆಗಿಂತ ಒಂದು ಗೇಣು ಮೇಲೆ
ಕೆಸರಿನ ಗೆರೆ.

ಸ್ನೇಹಲ ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ.
ಏಳು ವರ್ಷ. ಬಕ್ಕಲು ಬಿಗಿದು
ಎರಡೆರಡು ಸಲ ಎಳೆದು ನೋಡಿ
ಆಮೇಲೆ ಕಣ್ಣು ಮುಚ್ಚುತ್ತಾಳೆ.
ಕದ್ರಾದ ಗೇಟು ತೆಗೆದ ರಾತ್ರಿ, ಸೈರನ್ ಕೂಗುವಾಗ,
ಎಡಗಾಲಿನದು ಸಿಗದೆ ಮಂಚದ ಕೆಳಗೆ ತಡಕುತ್ತಿದ್ದಳು.
ಎತ್ತಿಕೊಂಡು ಓಡುತ್ತಲೇ ಬೈದೆ.
ಅಕ್ಕಿ ಹೋಯಿತು, ಹಾಸಿಗೆ ಹೋಯಿತು,
ಸಾಣಿಕಟ್ಟೆಯ ಉಪ್ಪು ಭರಣಿಯಲ್ಲೇ ಕರಗಿಹೋಯಿತು.
ಆ ಬೈಗುಳವನ್ನು ಮಾತ್ರ ನೀರು ಒಯ್ಯಲಿಲ್ಲ.

ಅತ್ತೆ ತೊಳೆದ ತಂಬಿಗೆಯನ್ನೇ ತೊಳೆಯುತ್ತಾರೆ.
ಕೆಸರು ಹೋಯಿತಲ್ಲ ಎಂದರೆ
ಮೂಸಿ ನೋಡು ಎನ್ನುತ್ತಾರೆ.
ಮೂಸುತ್ತೇನೆ.
ಇದೆ.

ಪುಂಡಲೀಕ ರಾತ್ರಿ ಎರಡಕ್ಕೆ ಏಳುತ್ತಾರೆ,
ಟಾರ್ಚು ಹಿಡಿದು ದಡಕ್ಕೆ ಹೋಗಿ
ತಾವೇ ನೆಟ್ಟ ಬಿದಿರ ಕೋಲು ನೋಡಿ ಬರುತ್ತಾರೆ.
ಹೇಗಿದೆ?
ಇದ್ದ ಹಾಗೇ ಇದೆ.
ಹೊಳೆಯೋ, ಅವರೋ, ನಾನು ಕೇಳುವುದಿಲ್ಲ.

ಹಗಲು ನಾನು ಆಶಾ ಕಾರ್ಯಕರ್ತೆ.
ಗುಲಾಬಿ ಸೀರೆ, ಬಗಲಲ್ಲಿ ಚೀಲ, ಮನೆಮನೆಗೆ ಪ್ರಶ್ನೆ:
ನಿದ್ದೆ ಬರುತ್ತದೆಯೇ? ಊಟ ಸೇರುತ್ತದೆಯೇ?
ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆಯೇ?
ಹೌದು, ಇಲ್ಲ, ಕೆಲವೊಮ್ಮೆ. ಟಿಕ್ ಹಾಕುತ್ತೇನೆ.
ಹೇಳಿದವರ ಜೊತೆ ಸ್ವಲ್ಪ ಹೊತ್ತು ಕೂರುತ್ತೇನೆ.
ನಮ್ಮನೆಯ ಫಾರಂ ಮಾತ್ರ
ಚೀಲದ ತಳದಲ್ಲಿ, ನಾಲ್ಕು ಮಡಿಕೆ.

ತರಬೇತಿಯಲ್ಲಿ ಕಲಿಸಿದ್ದನ್ನು ಮನೆಯಲ್ಲೂ ಹೇಳಿದೆ:
ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ.
ಅತ್ತೆ ನಕ್ಕರು:
‘ಉಸಿರನ್ನೂ ಈಗ ರೇಶನ್ನಿನಲ್ಲಿ ಕೊಡ್ತಾರೇನೇ?’
ನಕ್ಕದ್ದಕ್ಕೆ ತಾವೇ ಗಾಬರಿಯಾಗಿ
ಸೆರಗು ಬಾಯಿಗೆ ಒತ್ತಿಕೊಂಡರು.

ನಿನ್ನೆ ಎರಡಕ್ಕೆ ಕತ್ತಲಲ್ಲಿ ದನಿ:
‘ಪಪ್ಪಾ, ನಾನೂ ಬರ್ತೆ.’
ಅವಳು ಹೊರಟಳೆಂದು ನಾನು.
ನಾವೆಲ್ಲ ಹೊರಟೆವೆಂದು ಅತ್ತೆ, ಕೈಯಲ್ಲಿ ತಂಬಿಗೆ.
ಒಂದೇ ಟಾರ್ಚಿಗೆ ನಾಲ್ಕು ನೆರಳು.

ಹೊಳೆ ಕೆಳಗೆಲ್ಲೋ ತನ್ನ ಪಾಡಿಗೆ,
ಯಾರ ಮನೆಯ ದಾರಿಯೂ ಗೊತ್ತಿಲ್ಲದವರ ಹಾಗೆ.
ಸ್ನೇಹಲ ಕೋಲಿನ ಪಕ್ಕ ನಿಂತು ಅಳೆದಳು:
‘ನನ್ನ ಗಂಟಿಗೂ ಬರೂದಿಲ್ಲ.’
ಅಲ್ಲೇ ಕೂತು ಹೇಳಿದೆ,
ಅವತ್ತು ಬೈಯಬಾರದಿತ್ತು ಮಗಾ.
ಅವಳು ಯೋಚಿಸಿದಳು.
‘ಅದು ಬಾಗಿಲ ಹಿಂದಿತ್ತು, ಆಯಿ.
ಮಂಚದ ಕೆಳಗೆ ಹುಡುಕಿದ್ದೇ ತಪ್ಪು.’

ಅತ್ತೆ ತಂಬಿಗೆ ತುಂಬಿಸಿ,
ಮೂಸಿ, ಚೆಲ್ಲಿದರು.

ಮನೆಗೆ ಬಂದು ಬಲಗಾಲಿನ ಬಕ್ಕಲು ಬಿಚ್ಚಿದಳು.
ಎಡಗಾಲಿನದು ಹಾಗೇ.
ನನ್ನ ಕೈ ಅತ್ತ ಹೋಯಿತು, ಹಿಂದೆ ಬಂತು.
ಚೀಲದಿಂದ ಫಾರಂ ತೆಗೆದು ಮಡಿಕೆ ನೀವಿದೆ.
ನಿದ್ದೆ ಬರುತ್ತದೆಯೇ?
ಪೆನ್ನು ಹುಡುಕುವಷ್ಟರಲ್ಲಿ
ಪುಂಡಲೀಕರ ಗೊರಕೆ.