ಬಾದಾಮಿಯ ಲೆಕ್ಕ

ಯಂತ್ರಕ್ಕೆ ಉಪ್ಪುಗಾಳಿ ಹೊಡೆದು ತಿಂಗಳಾಯಿತು.
ಕಾರವಾರದಲ್ಲಿ ಕಬ್ಬಿಣಕ್ಕೂ ನೆಗಡಿ.
ಈಗ ನನ್ನ ಕಣ್ಣೇ ಯಂತ್ರ:
ಗಾಜಿನ ಮೇಲೆ ಕೊರೆದ ಚೌಕಾಬಾರ,
ನಾಲ್ಕು ಮೂಲೆ, ನಡುವಿನ ಹಣ್ಣಿನ ಮನೆ,
ಅಲ್ಲಿ ಕುದುರೆಯ ಕೆಂಪು ಕಣ
ಒಂದೊಂದಾಗಿ ಹೆಬ್ಬೆರಳಿಗೆ ಕಟಕ್, ಕಟಕ್.

ಮೇಲಿನ ಗೆರೆ, ಎಡದ ಗೆರೆ ಮುಟ್ಟಿದವರು ನಮ್ಮವರು,
ಕೆಳಗೆ, ಬಲಕ್ಕೆ ತಾಗಿದವರು ಪಕ್ಕದ ಮನೆಯವರು.
ಕಲಿಸಿದ ಪೆಡ್ನೇಕರ ಮಾಸ್ತರು ಹೇಳುತ್ತಿದ್ದರು:
ಗಡಿಯಲ್ಲಿ ನಿಂತವರನ್ನು ಎರಡು ಸಲ ಎಣಿಸಬೇಡ,
ಪೂರಾ ಬಿಟ್ಟೂ ಬಿಡಬೇಡ.
ಅವರು ಮಾಜಾಳಿಯವರು. ಗಡಿ ಅವರಿಗೆ ಗೊತ್ತಿತ್ತು.

ಬಾದಾಮಿ ಬಂದದ್ದು ಹತ್ತೂವರೆಗೆ.
ಕಡಲದಂಡೆಯಲ್ಲಿ ಮಕ್ಕಳನ್ನು ಹೊತ್ತು
ಸುತ್ತಿಗೆ ಐವತ್ತು ರೂಪಾಯಿ ದುಡಿವ ಹೆಣ್ಣುಕುದುರೆ.
ದಾವಲಸಾಬ ಹಗ್ಗ ಬಿಗಿಹಿಡಿದ,
ನಾನು ಕುತ್ತಿಗೆಯ ನರ ಹುಡುಕಿದೆ,
ಅಷ್ಟರಲ್ಲಿ ಬೈತಖೋಲದ ಕಡೆಯಿಂದ ಸೈರನ್.
ಕಿವಿ ಎರಡೂ ಹಿಂದಕ್ಕೆ, ಗೊರಸು ಸಿಮೆಂಟಿಗೆ.
ಸಿರಿಂಜು ತುಂಬಿತು.

ಐದು ಮನೆಗಳಲ್ಲಿ ಏಳುನೂರಾ ಇಪ್ಪತ್ತು,
ಮುಂದೆ ನಾಲ್ಕು ಸೊನ್ನೆ: ಎಪ್ಪತ್ತೆರಡು ಲಕ್ಷ,
ಸಾಸಿವೆಗಿಂತ ಸಣ್ಣ ಹನಿಯಲ್ಲಿ.
"ಭೇಷ್ ಆತಲ್ರೀ ಅಕ್ಕಾರ,
ನಗರಸಭೆ ಕಾಗದಕ್ಕ ಇಷ್ಟು ಬರದ್ರ ಸಾಕು."

ಆದರೆ ಅವಳ ವಸಡು ಸುಣ್ಣದ ಗೋಡೆ.
ಕುದುರೆ ತನ್ನ ಗುಲ್ಮದಲ್ಲಿ
ಮೂರರಲ್ಲೊಂದು ಪಾಲು ಬಚ್ಚಿಟ್ಟಿರುತ್ತದೆ,
ಅಕ್ಕಿಡಬ್ಬಿಯ ತಳದ ನೋಟಿನ ಹಾಗೆ.
ಹೆದರಿದರೆ, ಓಡಿದರೆ, ಒಮ್ಮೆಗೇ ತೆಗೆದು ಸುರಿಯುತ್ತದೆ.
ನೆಂಟರು ಬಂದಾಗ ಹಾಸುವ ಹೊಸ ಚಾದರ
ಈ ಎಪ್ಪತ್ತೆರಡು.

ನೆರಳಲ್ಲಿ ಕಟ್ಟಿಸಿದೆ. ಒಂದು ತಾಸು ಯಾರೂ ಮಾತಾಡಲಿಲ್ಲ.
ದಾವಲಸಾಬ ಬೀಡಿ ಹಚ್ಚಲಿಲ್ಲ.
ಬಾಲ ಒಂದು ನೊಣ ಅಟ್ಟಿತು, ಮತ್ತೊಂದನ್ನು ಬಿಟ್ಟಿತು.
ಮತ್ತೆ ಸೂಜಿ. ಅದೇ ಐದು ಮನೆ:
ಐನೂರಾ ಹತ್ತು.
ನಂಬದೆ ಇನ್ನೊಮ್ಮೆ ಎಣಿಸಿದೆ. ಐನೂರಾ ಎಂಟು.

ಯಾವುದು ಖರೇ, ಕೇಳಿದ.
ಎರಡೂ, ಅನ್ನಬೇಕೆಂದಿದ್ದೆ.
ಸಾಹೇಬರ ಜೀಪು ಬಂದಾಗ
ನಾನೂ ಎಪ್ಪತ್ತೆರಡೇ.

ಡಾಕ್ಟರು ಹುಳದ ಔಷಧಿ ಬರೆದರು, ಸವಾರಿ ಬೇಡವೆಂದರು.
ಕಾಗದದಲ್ಲಿ ನಾನು ಐವತ್ತೊಂದು ಲಕ್ಷ ಬರೆದೆ.
ಅವನ ಮುಖದಲ್ಲಿ ಎಷ್ಟಿತ್ತೋ, ಎಣಿಸಲಿಲ್ಲ.

ಮೂಳೆಯೊಳಗೆ ಹೊಸದು ಹುಟ್ಟುತ್ತಿದೆಯೇ?
ನಾಯಿಯಾದರೆ ಎಳೆಯ ಕಣಗಳು ಬೀದಿಗೆ ಬಂದು ಆಡುತ್ತವೆ;
ಕುದುರೆಯವು ಬಲಿತ ಮೇಲೆಯೇ ಹೊಸ್ತಿಲು ದಾಟುತ್ತವೆ.
ಹಾಗಾಗಿ ಒಂದು ಅಂಕಿಗೆ ದಿಕ್ಕಿಲ್ಲ,
ಪಕ್ಕದಲ್ಲಿ ಇನ್ನೊಂದು ಬೇಕು.

ಮುಂದಿನ ಸೋಮವಾರ ಕರಕೊಂಡು ಬಾ ದಾವಲಸಾಬ,
ದಂಡೆಗುಂಟ, ನಿಧಾನ ನಡೆಸಿಕೊಂಡು,
ಸೈರನ್ನಿಗೆ ಮೊದಲು.