ಷರಾ

ಗೋಣಿಕೊಪ್ಪ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ.
ಮೂರಂತಸ್ತಿನ ಲಾಡ್ಜು, ಕೆಳಗೆ ಬೇಕರಿ.
ಪುತ್ತರಿ ಕಳೆದು ಹನ್ನೊಂದು ದಿನ.

ಮಾಲೀಕ ಉತ್ತಯ್ಯ ಮೊದಲ ಮಾತಿಗೇ ಕೇಳಿದರು,
"ಐದು ನಕ್ಷತ್ರ ಸಿಗ್ತದಾ ಮೇಡಂ?"
ಹೋಟೆಲಿನ ನಕ್ಷತ್ರ ಅಲ್ಲ ಸಾರ್, ಕರೆಂಟಿನದು.
"ಯಾವುದಾದ್ರೇನು,
ಬೋರ್ಡಿನ ಮೇಲೆ ಎಲ್ಲಾ ಒಂದೇ ಥರ ಕಾಣ್ತದೆ."

ಹಗಲೆಲ್ಲ ಎಣಿಸಿದೆ.
ಹದಿನೆಂಟು ಗೀಸರು, ನಾಲ್ಕಕ್ಕೆ ಆರುವುದೇ ಮರೆತಿದೆ.
ಯಾರೂ ಹತ್ತದ ತಾರಸಿ ಮೆಟ್ಟಿಲಲ್ಲಿ
ಹಗಲೂ ರಾತ್ರಿಯೂ ಉರಿವ ಒಂದು ಬಲ್ಬು.
ಹನ್ನೆರಡು ತಿಂಗಳ ಬಿಲ್ಲು ಕೂಡಿಸಿ
ಚದರ ಮೀಟರಿನಿಂದ ಭಾಗಿಸಿ
ಶೇಷವನ್ನು ಪೆನ್ಸಿಲಿನಲ್ಲಿ ಇಟ್ಟುಕೊಂಡೆ.

ಕಿಟಕಿಯ ಸಂದಿಗೆ ಊದುಬತ್ತಿ ಹಿಡಿದೆ.
ಹೊಗೆ ಒಳಕ್ಕೆ ಬಾಗಿತು.
"ಯಾವ ದೇವರಿಗೆ ಅಕ್ಕಾ?" ಎಂದ ರೂಂ ಹುಡುಗ ಸಜೇಶ.
ನಾನು ಫಾರಂ ನೋಡುತ್ತಾ,
ಗಾಳಿಗೆ ಅಂದೆ.

ಶಾಖ ಕಾಣುವ ಕ್ಯಾಮೆರಾಕ್ಕೆ ರಾತ್ರಿಯೇ ಆಗಬೇಕು,
ಹೊರಗಿನ ಚಳಿ ಬಲಿಯಬೇಕು.
ಮೂರೂವರೆಗೆ ಎದ್ದೆ.
ಕೊಠಡಿಗಳೆಲ್ಲ ತೆರೆಯ ಮೇಲೆ ನೀಲಿ, ಕಡುನೀಲಿ.
ಮೆಟ್ಟಿಲ ಬಳಿಯ ಗೋಡೆ ಮಾತ್ರ
ಸುಲಿದ ಕಿತ್ತಳೆಯ ತೊಳೆಯಂತೆ ಹೊಳೆಯುತ್ತಿತ್ತು.
ಗೋಡೆಯ ಆಚೆ ಮೊಯ್ದೂಕ್ಕನ ಒಲೆ,
ಎರಡು ಗಂಟೆಗೇ ಹೊತ್ತಿಸಿದ ಸಿಲ್ವರ್ ಓಕ್ ಕೊರಡು.

ಸೋರಿಕೆ, ಎಂದು ಬರೆದೆ. ತೀವ್ರ.
ಗೋಡೆಗೆ ನಿರೋಧಕ ಹೊದಿಕೆ, ಎರಡಿಂಚು,
ಖರ್ಚು ಇಷ್ಟು, ವಾಪಸು ಬರಲು ಮೂರು ವರ್ಷ.

ಆಮೇಲೆ ಕ್ಯಾಮೆರಾ ಇಳಿಸಿ ಕಣ್ಣಿನಲ್ಲಿ ನೋಡಿದೆ.

ಗೋಡೆಗೆ ಬೆನ್ನು ಕೊಟ್ಟು ಏಳು ಜನ.
ಅಸ್ಸಾಮಿನಿಂದ ಮೂರು ರೈಲು, ಎರಡು ಬಸ್ಸು.
ಕಾಫಿ ಕೊಯ್ಲಿಗೆ ಬಂದವರು,
ತೋಟದ ಜೀಪು ಬರುವುದು ಆರಕ್ಕೆ.
ರೂಮಿನ ಬಾಡಿಗೆ ಯಾರೂ ಕೇಳಿಲ್ಲ, ಇವರೂ ಹೇಳಿಲ್ಲ.
ಒಬ್ಬಳ ಮಡಿಲಲ್ಲಿ ಮಗು,
ಮಗುವಿನ ಕಾಲಿಗೆ ಎರಡೆರಡು ಜೊತೆ ಕಾಲುಚೀಲ.

ನೀರು ಕೇಳಲು ಒಬ್ಬ ಎದ್ದ.
ಅವನ ಬೆನ್ನಿದ್ದ ಜಾಗ ತೆರೆಯ ಮೇಲೆ
ಸುತ್ತಲ ಗೋಡೆಗಿಂತ ಬೆಳ್ಳಗೆ,
ಭುಜ, ಬೆನ್ನುಹುರಿ, ಸ್ವಲ್ಪ ಓರೆಯಾದ ಸೊಂಟ.
ನಿಧಾನಕ್ಕೆ ಆರಿತು.
ಅಷ್ಟು ಹೊತ್ತು ನಾನು ಗುಂಡಿ ಒತ್ತಲಿಲ್ಲ.

ಮೊಯ್ದೂಕ್ಕ ಬನ್ನು ತಂದಿಟ್ಟ.
"ಈ ಗೋಡೆ ಮುಚ್ಚಿದ್ರೆ ನನ್ನ ಸೌದೆ ಎಷ್ಟು ಉಳೀತದೆ?"
ದಿನಕ್ಕೆ ಎಂಟು ಕಿಲೋ.
ಅವನು ಲೆಕ್ಕ ಹಾಕಿದ, ಬೆರಳಿನಲ್ಲೇ.
"ಒಳ್ಳೇ ಲಾಭ" ಎಂದ.
ಇನ್ನೂ ಏನೋ ಹೇಳುವವನಿದ್ದ,
ಟ್ರೇ ಕರಕಲಾಗುವ ವಾಸನೆ ಬಂತು, ಓಡಿದ.

ಫಾರಮ್ಮಿನ ಕೊನೆಗೆ ಷರಾ ಎಂಬ ಒಂದು ಗೆರೆ.
'ಮೆಟ್ಟಿಲ ಗೋಡೆಯ ಶಾಖ ವ್ಯರ್ಥವಲ್ಲ,
ನವೆಂಬರಿನಿಂದ ಫೆಬ್ರವರಿವರೆಗೆ ಬಳಕೆಯಲ್ಲಿದೆ'
ಎಂದು ಬರೆದು ಸಹಿ ಹಾಕಿದೆ.
ಮೈಸೂರಿನ ಕಚೇರಿ ಕೆಂಪು ಶಾಯಿಯಲ್ಲಿ ಕೇಳಿತು,
ಯಾರ ಬಳಕೆ? ಎಷ್ಟು ಯೂನಿಟ್ಟು?
ಉತ್ತರಿಸಲು ಮೂರು ಸಲ ಕೂತೆ.
ಏಳು ಬೆನ್ನು, ಎರಡೂವರೆ ಗಂಟೆ.
ಆ ಗುಣಾಕಾರಕ್ಕೆ ಕಾಲಂ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಮೂರು ನಕ್ಷತ್ರ.
ಉತ್ತಯ್ಯ ಎರಡು ದಿನ ಮುನಿಸಿಕೊಂಡು,
ಮೂರನೆಯ ದಿನ ಕಟ್ಟು ಹಾಕಿಸಿ
ಎಲ್ಲರಿಗೂ ಕಾಣಲೆಂದು ಅದೇ ಗೋಡೆಗೆ ಅಂಟಿಸಿದರು.

ನಿನ್ನೆ ಸಜೇಶ ಫೋನು ಮಾಡಿದ್ದ.
"ಅಕ್ಕಾ, ನಿಮ್ಮ ಸರ್ಟಿಫಿಕೇಟು ನಿಲ್ಲೋದೇ ಇಲ್ಲ.
ರಾತ್ರಿ ಗೋಡೆ ಬಿಸಿಯಾಗಿ ಅಂಟು ಕರಗ್ತದೆ,
ಬೆಳಿಗ್ಗೆ ನೋಡಿದ್ರೆ ಯಾರದೋ ಮಡಿಲಲ್ಲಿ ಬಿದ್ದಿರ್ತದೆ."

ಮೊಳೆ ಹೊಡಿ ಅಂದೆ.
ತಲೆಗೆ ತಾಗದಷ್ಟು ಮೇಲೆ.