ವರ್ಲೀನಳ ಗುಂಡಿ

ಸೂರಿನ ಕೊಳವೆಯನ್ನು ಗರಗಸದಲ್ಲಿ ಕೊಯ್ದಳು ವರ್ಲೀನ್.
ಇಪ್ಪತ್ತಾರು ವರ್ಷ ಡೆಟ್ರಾಯ್ಟಿನ ಬಸ್ಸು ತಿರುಗಿಸಿದ ಕೈ,
ಈಗ ಗುದ್ದಲಿ.

“ಯಾರನ್ನು ಹೂಳೋಕೆ?” ಬೇಲಿಯಾಚೆ ಟಾಡಿಯಸ್.
“ನಿನ್ನನ್ನಲ್ಲ ಬಿಡು, ಒಂದಡಿ ಆಳ ಸಾಲದು ನಿನಗೆ.”

ಹೋದ ಜೂನಿನಲ್ಲಿ ಬೀದಿಯ ಚರಂಡಿ
ನೆಲಮಾಳಿಗೆಯೊಳಗೆ ಉಕ್ಕಿದಾಗ
ತಂಗಿ ಊದುತ್ತಿದ್ದ ಕ್ಲಾರಿನೆಟ್ಟು
ಪೆಟ್ಟಿಗೆಯೊಳಗೆ ತಾನೇ ಊದಿಕೊಂಡಿತು.
ತಂಗಿ ಅದಕ್ಕೂ ಮೊದಲೇ ಹೋಗಿದ್ದಳು.

ಮರಳು, ಎಲೆಗೊಬ್ಬರ, ಒಡೆದ ಇಟ್ಟಿಗೆಯ ಏರಿ,
ತಗ್ಗಿನಲ್ಲಿ ಕಾಲು ನೆನೆದರೂ ಕೊಳೆಯದ ನೀಲಿ ಐರಿಸ್.

ನಿನ್ನೆ ರಾತ್ರಿ ಹೊಡೆಯಿತು ನೋಡಿ!
ನೀರು ಕೊಯ್ದ ಕೊಳವೆಯಿಂದ ಧುಮುಕಿ,
ಮಲಗಲು ಜಾಗ ನೋಡುವ ನಾಯಿಯಂತೆ
ಗುಂಡಿಯಲ್ಲಿ ಎರಡು ಸುತ್ತು ಹಾಕಿ
ಕೂತಿತು.

ಅವಳು ಮಾತ್ರ ದೀಪ ಹಾಕದೆ ಕೆಳಗಿಳಿದಳು.
ಕೊನೆಯ ಮೆಟ್ಟಿಲಲ್ಲಿ ನಿಂತು
ಕಾಲ ಹೆಬ್ಬೆರಳು ಚಾಚಿದಳು:
ಸಿಮೆಂಟು.
ತಣ್ಣಗೆ, ಬರೀ ಸಿಮೆಂಟು.